ಹಿಮಾಲಯಕ್ಕೆ ಹೋಗೋ ಮುಂಚೆ ಚಾಮುಂಡಿ ಬೆಟ್ಟದಲ್ಲಿ ತಾಲೀಮು: ಹತ್ತೋದಕ್ಕಿಂತ ಇಳಿಯೋದೇ ಕಷ್ಟ!

ಮೈಸೂರು: ಶನಿವಾರ, ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರು ಗಮನಿಸಿರಬಹುದು. ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಹೋಗೋರು, ತೂಕ ಇಳಿಸೋಕೆ ಓಡೋರ ನಡುವೆ ಬೆನ್ನಿಗೆ ದೊಡ್ಡ ಬ್ಯಾಗ್ ಏರಿಸಿಕೊಂಡು ನಿಧಾನಕ್ಕೆ ನಡೆಯೋ ಗುಂಪುಗಳೂ ಸಿಗ್ತವೆ. ಕೇಳಿದರೆ ಒಬ್ಬರು ಉತ್ತರಾಖಂಡ ಅಂತಾರೆ, ಇನ್ನೊಬ್ಬರು ನೇಪಾಳ ಅಂತಾರೆ. ಕಳೆದ ವರ್ಷ ಆ ಗುಂಪುಗಳಲ್ಲಿ ನಮ್ಮದೂ ಒಂದಿತ್ತು. ನಾನು, ನನ್ನ ಹೆಂಡತಿ, ಅಕ್ಕ, ಭಾವ, ಅವರ 19 ವರ್ಷದ ಮಗಳು, ಜೊತೆಗೆ ಇಬ್ಬರು ಸ್ನೇಹಿತರು. ಭಾವನಿಗೆ 57, ಬಿಪಿ ಮಾತ್ರೆ ತಗೋತಾರೆ. ಹೊರಟಿದ್ದು ನೇಪಾಳದ ಅನ್ನಪೂರ್ಣ ಬೇಸ್ ಕ್ಯಾಂಪ್‌ಗೆ, ಎತ್ತರ 4,130 ಮೀಟರ್.

ಮನೆಯವರ ಜೊತೆ ಇಂಥ ಚಾರಣಕ್ಕೆ ಹೊರಡೋರು ಈಗ ಜಾಸ್ತಿ. ತಯಾರಿ ಮಾತ್ರ ಹೆಚ್ಚಿನವರದ್ದು ಬೆಳಗಿನ ವಾಕಿಂಗ್‌ಗೇ ನಿಂತುಹೋಗುತ್ತೆ. ಕುಕ್ಕರಹಳ್ಳಿ ಕೆರೆ ಸುತ್ತೋದು ಒಳ್ಳೇದೇ, ಆದರೆ ಅದರಿಂದ ಮೊಣಕಾಲು ಬೆಟ್ಟ ಇಳಿಯೋದು ಕಲಿಯಲ್ಲ.

ಮೆಟ್ಟಿಲ ಲೆಕ್ಕ

ಅನ್ನಪೂರ್ಣದ ದಾರಿ ಅಂದರೆ ಮುಖ್ಯವಾಗಿ ಕಲ್ಲಿನ ಮೆಟ್ಟಿಲು. ಜಿನು ಅನ್ನೋ ಹಳ್ಳಿಯಿಂದ ಛೋಮ್ರೊಂಗ್‌ಗೆ ಸುಮಾರು 400 ಮೀಟರ್ ಏರಬೇಕು. ನಮ್ಮ ಬೆಟ್ಟದ ಸಾವಿರ ಮೆಟ್ಟಿಲನ್ನ ಹೆಚ್ಚುಕಡಿಮೆ ಒಂದೂವರೆ ಸಲ ಹತ್ತಿದಷ್ಟಾಯ್ತು. ಛೋಮ್ರೊಂಗ್ ತಲುಪಿದ ಮೇಲೆ ದಾರಿ ಹೊಳೆಯ ತನಕ ಇಳಿದು, ಮತ್ತೆ ಸಿನುವಾ ಕಡೆಗೆ ಹತ್ತುತ್ತೆ. ವಾಪಸ್ ಬರುವಾಗ ಅದೇ ಹೊಳೆಯಿಂದ ಛೋಮ್ರೊಂಗ್ ಮೆಟ್ಟಿಲು ಹತ್ತಬೇಕು. ಅಷ್ಟೊತ್ತಿಗೆ ನಾಲ್ಕೈದು ದಿನ ನಡೆದು ಕಾಲು ಸೋತಿರುತ್ತೆ. ಅಂದರೆ ಒಂದು ದಿನ ಚೆನ್ನಾಗಿ ಹತ್ತಿದರೆ ಮುಗೀತು ಅನ್ನೋ ಹಾಗಿಲ್ಲ. ಮಾರನೇ ದಿನ ಎದ್ದು ಮತ್ತೆ ನಡೆಯೋಕೆ ಆಗುತ್ತಾ ಅನ್ನೋದೇ ಪ್ರಶ್ನೆ.

ಹತ್ತುವಾಗ ಏದುಸಿರು ಬಂದರೆ ನಿಂತು ಸುಧಾರಿಸಿಕೊಳ್ಳಬಹುದು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಪ್ರತಿ ಹೆಜ್ಜೆಗೂ ಬ್ರೇಕ್ ಥರ ಕೆಲಸ ಮಾಡುತ್ತೆ. ಭಾರ ಹೊತ್ತುಕೊಂಡೇ ಹಿಗ್ಗಬೇಕಾದ್ದರಿಂದ ಅದರ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟು ಬೀಳುತ್ತೆ. ಆ ನೋವು ಅವತ್ತು ಗೊತ್ತಾಗಲ್ಲ, ಮಾರನೇ ದಿನ, ಅದರ ಮಾರನೇ ದಿನ ಜೋರಾಗುತ್ತೆ. ಮೊದಲ ಸಲ ಬೆಟ್ಟ ಇಳಿದ ಮೇಲೆ ಎರಡು ದಿನ ಮನೆ ಮೆಟ್ಟಿಲನ್ನ ಅಡ್ಡಡ್ಡ ಇಳಿದವರಿಗೆಲ್ಲ ಇದರ ಅನುಭವ ಇರುತ್ತೆ.

ಒಳ್ಳೆ ಸುದ್ದಿ ಏನಂದ್ರೆ ಸ್ನಾಯು ಇದನ್ನ ಬೇಗ ಕಲಿಯುತ್ತೆ. ಒಂದೆರಡು ಸಲ ಇಳಿದು ನೋವು ತಿಂದ ಕಾಲಿಗೆ ಮುಂದಿನ ಕೆಲವು ವಾರ ಅದೇ ಇಳಿಜಾರು ಅಷ್ಟು ನೋವು ಕೊಡಲ್ಲ. ಆದ್ದರಿಂದ ಮೆಟ್ಟಿಲು ಹತ್ತಿ, ದರ್ಶನ ಮಾಡಿ, ಬಸ್ ಹಿಡಿದು ಕೆಳಗೆ ಬಂದರೆ ಅರ್ಧ ತಾಲೀಮೇ ಆಗಲಿಲ್ಲ ಅಂತ ತಿಳ್ಕೊಳ್ಳಿ.

ಬ್ಯಾಗಿನ ತೂಕ

ನಾವು ಮೂರು ತಿಂಗಳು ಮುಂಚೆ ಶುರು ಮಾಡಿದ್ವಿ. ಮೊದಲ ಎರಡು ವಾರ ಬರಿಗೈಯಲ್ಲಿ ಒಂದು ಸಲ ಹತ್ತಿ ಇಳಿಯೋದು. ಆಮೇಲೆ ಬ್ಯಾಗಿಗೆ ನೀರಿನ ಬಾಟಲಿ. ಒಂದು ಲೀಟರ್ ಅಂದರೆ ಒಂದು ಕೆಜಿ, ಲೆಕ್ಕ ಸುಲಭ. ಮೂರು ಬಾಟಲಿ ಹೊತ್ತು ಹತ್ತಿ, ಮೇಲೆ ಅದನ್ನ ಗಿಡಕ್ಕೆ ಸುರಿದು ಹಗುರವಾಗಿ ಇಳೀತಿದ್ವಿ. ಮೊಣಕಾಲು ಪಳಗೋ ತನಕ ಇದೇ ಸರಿ. ಐದನೇ ವಾರದಿಂದ ನೀರು ಬಿಟ್ಟು 5 ಕೆಜಿ ಅಕ್ಕಿ ಚೀಲ ಹಾಕಿದ್ವಿ, ಅದನ್ನ ಮೇಲೆ ಸುರಿಯೋ ಹಾಗಿಲ್ಲವಲ್ಲ, ಹೊತ್ತೇ ಇಳಿಯಬೇಕು. ಕೊನೆಗೆ 7 ಕೆಜಿವರೆಗೂ ಬಂದ್ವಿ. ಆ ದಾರಿಯಲ್ಲಿ ಊಟ, ಮಲಗೋ ಜಾಗ ಎರಡೂ ಲಾಡ್ಜ್‌ಗಳಲ್ಲಿ ಸಿಗೋದರಿಂದ ಟೆಂಟು, ಪಾತ್ರೆ ಹೊರೋ ಕೆಲಸ ಇಲ್ಲ. ಅದಕ್ಕಿಂತ ಜಾಸ್ತಿ ತೂಕ ಇದ್ದರೆ ಬೇಡದ್ದನ್ನ ತುಂಬಿಕೊಂಡಿದ್ದೀರಿ ಅಂತಲೇ ಅರ್ಥ. (ನನ್ನ ಹೆಂಡತಿ ಕೊಬ್ಬರಿ ಮಿಠಾಯಿ ಡಬ್ಬ ತೆಗೆಯೋಕೆ ಕೊನೆವರೆಗೂ ಒಪ್ಪಲಿಲ್ಲ. ಒಳ್ಳೇದೇ ಆಯ್ತು.)

ಬ್ಯಾಗಿನ ಭಾರ ಭುಜದ ಮೇಲಲ್ಲ, ಸೊಂಟದ ಪಟ್ಟಿಯ ಮೇಲೆ ಕೂರಬೇಕು. ಶೂ ಕೊಳ್ಳೋದಾದ್ರೆ ಸಾಯಂಕಾಲ ಹೋಗಿ, ದಿನವಿಡೀ ಓಡಾಡಿ ಪಾದ ಸ್ವಲ್ಪ ಊದಿರುತ್ತೆ. ಇಳಿಯುವಾಗ ಬೆರಳು ಮುಂದಕ್ಕೆ ತಾಗದಷ್ಟು ಜಾಗ ಇರಲಿ. ಹೊಸ ಶೂ ಹಾಕ್ಕೊಂಡು ನೇರವಾಗಿ ರೈಲು ಹತ್ತಬೇಡಿ. ಹತ್ತಿ ಕಾಲುಚೀಲ ಬೆವರು ಹೀರಿಕೊಂಡು ಒದ್ದೆಯಾಗೇ ಇರುತ್ತೆ, ಬೊಬ್ಬೆ ಬರೋದು ಅಲ್ಲಿಂದಲೇ. ಚರ್ಮ ಬಿಸಿಯಾಗಿ ಉರಿಯೋಕೆ ಶುರುವಾದ ತಕ್ಷಣ ನಿಂತು ಟೇಪ್ ಅಂಟಿಸಿ, ಮುಂದಿನ ಊರಲ್ಲಿ ನೋಡೋಣ ಅಂದರೆ ತಡವಾಗುತ್ತೆ.

ಎಂಟನೇ ವಾರದ ಹೊತ್ತಿಗೆ ಶನಿವಾರ ಬೆಟ್ಟ ಎರಡು ಸಲ, ಭಾನುವಾರ ಶ್ರೀರಂಗಪಟ್ಟಣಕ್ಕೆ ನಡಿಗೆ. ಒಂದು ವಾರ ನಂಜನಗೂಡಿಗೂ ನಡೆದ್ವಿ, ಬರುವಾಗ ರೈಲು. ದಣಿದ ಕಾಲಿನ ಮೇಲೆ ಮತ್ತೆ ನಡೆಯೋ ಅಭ್ಯಾಸ ಆಗೋದು ಈ ಭಾನುವಾರಗಳಲ್ಲೇ. ಹೊರಡೋ ಮುಂಚಿನ ವಾರ ಪೂರ್ತಿ ಹಗುರ, ಬರೀ ಕೆರೆ ಏರಿ.

'ಏನಿಲ್ಲ ಕಣೋ, ನಡಿ'

ಜಿಮ್‌ನಲ್ಲಿ ಒಬ್ಬರೇ ಮಾಡಬಹುದಾದ ತಾಲೀಮಿಗೆ ಮನೆಯವರೆಲ್ಲ ಯಾಕೆ ಒಟ್ಟಿಗೆ ಬೇಕು? ನಮಗೆ ಇದು ಅರ್ಥವಾಗಿದ್ದು ಅಕ್ಕನಿಂದ. ಮೂರು ವಾರ ಅವಳು ಇಳಿಯುವಾಗ ಬಲಗಾಲು ಮೊದಲು ಇಡ್ತಾ ಇದ್ದಳು. ಕೇಳಿದಾಗೆಲ್ಲ "ಏನಿಲ್ಲ ಕಣೋ, ನಡಿ" ಅಂತಲೇ ಉತ್ತರ. ನಾಲ್ಕನೇ ವಾರ ನಂದಿ ಹತ್ತಿರ ಕೂತುಬಿಟ್ಟಳು, ಎಡ ಮೊಣಕಾಲು ಊದಿತ್ತು. ನನ್ನಿಂದ ಎಲ್ಲರೂ ನಿಲ್ಲಬೇಕಲ್ಲ ಅಂತ ಹೇಳಿರಲಿಲ್ಲವಂತೆ. ಎರಡು ವಾರ ವಿಶ್ರಾಂತಿ, ಫಿಸಿಯೋಥೆರಪಿ, ಆಮೇಲೆ ಎರಡು ಕೈಗೂ ಊರುಗೋಲು. ಊರುಗೋಲು ಇಳಿಯುವಾಗ ಮೊಣಕಾಲಿನ ಭಾರವನ್ನ ತೋಳಿಗೂ ಹಂಚುತ್ತೆ, ನಾಚಿಕೆ ಪಡೋಕೆ ಏನಿಲ್ಲ.

ಸ್ನೇಹಿತರ ಗುಂಪಲ್ಲಿ ಹುಸಿ ಧೈರ್ಯ ಜಾಸ್ತಿ, ಮನೆಯವರಲ್ಲಿ ಸಂಕೋಚ ಜಾಸ್ತಿ. ಎರಡೂ ಬೆಟ್ಟದಲ್ಲಿ ಅಪಾಯವೇ. ಅವತ್ತಿಂದ ಎರಡು ನಿಯಮ ಮಾಡಿಕೊಂಡ್ವಿ. ಎಲ್ಲರಿಗಿಂತ ನಿಧಾನ ನಡೆಯೋರು ಮುಂದೆ ಇರಬೇಕು, ಮಿಕ್ಕವರು ಅವರನ್ನ ದಾಟುವಂತಿಲ್ಲ. ಸಾಯಂಕಾಲ ಪ್ರತಿಯೊಬ್ಬರೂ ತಲೆನೋವು, ಹೊಟ್ಟೆ, ಸುಸ್ತು, ತಲೆಸುತ್ತು ಈ ನಾಲ್ಕಕ್ಕೂ ಸೊನ್ನೆಯಿಂದ ಮೂರರ ತನಕ ಅಂಕ ಹೇಳಬೇಕು. ಅಕ್ಕನ ಮಗಳು ಒಂದು ಪುಸ್ತಕದಲ್ಲಿ ಬರೀತಿದ್ದಳು. ಶುರುವಿನಲ್ಲಿ ನಗ್ತಿದ್ದ ಸ್ನೇಹಿತರಿಬ್ಬರೂ ಆಮೇಲೆ ಸರಿಯಾಗೇ ಹೇಳೋಕೆ ಶುರು ಮಾಡಿದರು.

ಈ ನಿಯಮಗಳಿಗೆ ಒಂದು ಹಿನ್ನೆಲೆ ಇದೆ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಹೋಗಿದ್ದ ಕರ್ನಾಟಕದವರೇ ಹೆಚ್ಚಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ 9 ಮಂದಿ ತೀರಿಕೊಂಡರು. ಆ ಸುದ್ದಿ ನೋಡಿದಾಗಿಂದ ನಮ್ಮಮ್ಮ ಹಿಮಾಲಯ ಅನ್ನೋ ಮಾತು ಬಂದರೆ ಎದ್ದು ಒಳಗೆ ಹೋಗ್ತಿದ್ದರು. ಎಷ್ಟೇ ತಾಲೀಮು ಮಾಡಿದರೂ ಹವಾಮಾನ ನಮ್ಮ ಕೈಲಿಲ್ಲ. ವಾಪಸ್ ಬರೋ ತೀರ್ಮಾನ ನಮ್ಮ ಕೈಲಿದೆ, ಅದನ್ನ ಊರಲ್ಲೇ ಮಾತಾಡಿಕೊಂಡು ಹೋಗಬೇಕು.

ಮೈಸೂರಲ್ಲಿ ಮಾಡಲಾಗದ ತಾಲೀಮು

ನಮ್ಮೂರು ಇರೋದು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿ. ಅನ್ನಪೂರ್ಣ ಬೇಸ್ ಕ್ಯಾಂಪ್‌ನಲ್ಲಿ ಒಂದು ಉಸಿರಿಗೆ ಸಿಗೋ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗೋದರ ಸುಮಾರು ಶೇ. 60 ಮಾತ್ರ. ಇದಕ್ಕೆ ಚಾಮುಂಡಿ ಬೆಟ್ಟ ಎಷ್ಟು ಸಲ ಹತ್ತಿದರೂ ಪ್ರಯೋಜನ ಇಲ್ಲ. ಫಿಟ್ ಆಗಿರೋ ಹುಡುಗರಿಗೂ ಎತ್ತರದ ಕಾಯಿಲೆ ಬರುತ್ತೆ, ಬೇಗ ಬೇಗ ಹತ್ತಿಬಿಡ್ತಾರಲ್ಲ ಅನ್ನೋ ಕಾರಣಕ್ಕೆ ಅವರಿಗೇ ಜಾಸ್ತಿ ಬರೋದೂ ಉಂಟು. 3,000 ಮೀಟರ್ ದಾಟಿದ ಮೇಲೆ ಮಲಗೋ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು ಅಂತ ವೈದ್ಯರು ಹೇಳ್ತಾರೆ. ಎಷ್ಟೋ ಜನ 3,200 ಮೀಟರ್‌ನ ದೇವ್ರಾಲಿಯಿಂದ ಒಂದೇ ದಿನದಲ್ಲಿ 4,130ಕ್ಕೆ ಹೋಗಿ ಮಲಗ್ತಾರೆ. ಇದು ಆ ಮಿತಿಯ ಹೆಚ್ಚುಕಡಿಮೆ ಎರಡರಷ್ಟು. ರಜೆ ಕಡಿಮೆ ಅಂತ ಇಲ್ಲೊಂದು ದಿನ ಉಳಿಸೋದು ದಡ್ಡತನ.

ಬಿಪಿ, ಸಕ್ಕರೆ, ಆಸ್ತಮಾ, ಹೃದಯದ ತೊಂದರೆ ಇರೋರು ಟಿಕೆಟ್ ಮಾಡಿಸೋ ಮುಂಚೆಯೇ ವೈದ್ಯರನ್ನ ನೋಡಿ. ಎತ್ತರಕ್ಕೆ ತಗೊಳ್ಳೋ ಮಾತ್ರೆ ಬೇಕಾ ಅಂತಲೂ ಅವರನ್ನೇ ಕೇಳಿ, ಸ್ನೇಹಿತರ ಮಾತು ಕೇಳಿ ನುಂಗಬೇಡಿ. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬರಲ್ಲ, ಮೈಗೆ ಹತ್ತಿರ ಇಟ್ಟುಕೊಳ್ಳಬೇಕು. ತಲೆನೋವಿನ ಜೊತೆ ಊಟ ಸೇರದೇ ಇರೋದು, ವಾಕರಿಕೆ ಇದ್ದರೆ ಮೇಲೆ ಹತ್ತಬಾರದು. ಸುಮ್ಮನೆ ಕೂತಾಗಲೂ ಏದುಸಿರು, ನಡಿಗೆ ಓಲಾಡೋದು, ಮಾತು ಗಲಿಬಿಲಿ ಆಗೋದು ಕಂಡರೆ ಬೆಳಗಾಗೋ ತನಕ ಕಾಯದೆ ಕೆಳಗೆ ಇಳಿಸಬೇಕು.

ದೇವ್ರಾಲಿಯಲ್ಲಿ ಅವತ್ತು ರಾತ್ರಿ ಭಾವ ತಲೆನೋವಿಗೆ ಎರಡು, ಹೊಟ್ಟೆಗೆ ಒಂದು ಅಂದರು. ಬೆಳಿಗ್ಗೆಯೂ ಅಷ್ಟೇ. "ನಾನಿಲ್ಲೇ ಇರ್ತೀನಿ, ನೀವು ಹೋಗಿಬನ್ನಿ" ಅಂದರು. ಒಬ್ಬರನ್ನೇ ಬಿಡೋ ಹಾಗಿರಲಿಲ್ಲ. "ಬನ್ನಿ ಭಾವ, ಇಳಿಯೋಣ" ಅಂತ ನಾನೇ ಅವರ ಜೊತೆ ಬ್ಯಾಂಬೂ ಅನ್ನೋ ಊರಿಗೆ ಇಳಿದೆ, ಅದು 2,300 ಮೀಟರ್ ಆಸುಪಾಸು. ಸಾಯಂಕಾಲದ ಹೊತ್ತಿಗೆ ತಲೆನೋವು ಹೋಗಿ ಎರಡು ತಟ್ಟೆ ದಾಲ್ ಭಾತ್ ತಿಂದರು. ಮಿಕ್ಕ ಐವರು ಗೈಡ್ ಜೊತೆ ನಡುವೆ ಒಂದು ರಾತ್ರಿ ಹೆಚ್ಚಿಗೆ ತಂಗಿ, ಬೇಸ್ ಕ್ಯಾಂಪ್ ನೋಡಿ ಬಂದರು. ನನಗೆ ಬೇಜಾರಾಗಲಿಲ್ಲ ಅಂದರೆ ಸುಳ್ಳು. ಮೂರು ತಿಂಗಳು ಅಕ್ಕಿ ಹೊತ್ತವನು ನಾನೂ. ಫೋಟೋ ಮಾತ್ರ ನೋಡಿದೆ.

ಅಕ್ಟೋಬರ್‌ಗೆ ಹೊರಡೋರು ಜುಲೈನಲ್ಲೇ ಶುರು ಮಾಡಬೇಕು. ಮಳೆಗಾಲ, ಮೆಟ್ಟಿಲು ಪಾಚಿ ಕಟ್ಟಿ ಜಾರುತ್ತೆ, ಇಳಿಯುವಾಗ ಹುಷಾರು. ಆಷಾಢ ಶುಕ್ರವಾರಗಳಲ್ಲಿ ಭಕ್ತರ ದಟ್ಟಣೆ ಇರುತ್ತೆ, ಅವತ್ತು ಬ್ಯಾಗ್ ಹೊತ್ತು ಹೋಗಿ ಅವರಿಗೆ ತೊಂದರೆ ಕೊಡಬೇಡಿ. ಬೆಟ್ಟದಲ್ಲಿ ಚಿರತೆ ಓಡಾಟ ಇರೋದರಿಂದ ಬೆಳಕು ಹರಿಯೋ ಮುಂಚೆ ಒಬ್ಬೊಬ್ಬರೇ ಹತ್ತೋದೂ ಬೇಡ.