ಗೋಡೆಯ ಹುಲಿಗೆ ಊರು ಯಾವುದು?

ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆ 1900ರ ಸುಮಾರಿಗೆ ಶುರುವಾಗಿ 1999ರಲ್ಲಿ ಮುಚ್ಚಿತು. ಅಷ್ಟರೊಳಗೆ ಅಲ್ಲಿಂದ ಹೊರಬಿದ್ದ ಹುಲಿ, ಚಿರತೆಗಳ ಸಂಖ್ಯೆ ನಲವತ್ತು ಸಾವಿರವನ್ನು ದಾಟಿತ್ತೆಂಬ ಅಂದಾಜಿದೆ. ರಾಜಮಹಾರಾಜರು, ಬ್ರಿಟಿಷ್ ಅಧಿಕಾರಿಗಳು ಉಪ್ಪು ಹಚ್ಚಿ ಕಳಿಸಿದ ತೊಗಲನ್ನು ಅಲ್ಲಿ ಹದ ಮಾಡಿ, ಕಾಗದದ ಮುದ್ದೆಯಿಂದ ಅಚ್ಚೊತ್ತಿದ ಪೊಳ್ಳು ದೇಹಕ್ಕೆ ಹೊದಿಸಿ, ಗಾಜಿನ ಕಣ್ಣು ಕೂರಿಸುತ್ತಿದ್ದರು. ಕೆನ್ನೆಯ ಸ್ನಾಯುವಿನ ಉಬ್ಬು, ಮೂಗಿನ ಮೇಲಿನ ಸುಕ್ಕು ಎಲ್ಲವೂ ನಿಜವೆಂಬಂತೆ ಕಾಣುತ್ತಿದ್ದ ಆ ಕುಶಲತೆಗೆ ಜಗತ್ತಿನಲ್ಲೇ ಹೆಸರಿತ್ತು. ಆದರೆ ಆ ಹುಲಿ ಯಾವ ಕಾಡಿನದು, ಯಾವ ವರ್ಷ ಸತ್ತದ್ದು, ಗಂಡೋ ಹೆಣ್ಣೋ ಎಂಬ ವಿವರ ಜೊತೆಗಿಲ್ಲದಿದ್ದರೆ ಎಷ್ಟೇ ಜೀವಂತವಾಗಿ ಕಂಡರೂ ಅದು ಒಂದು ಅಲಂಕಾರ ಮಾತ್ರ. ಮೂಳೆ, ತೊಗಲು, ಕೊಂಬುಗಳನ್ನು ಕಾಪಿಡುವ ಹವ್ಯಾಸವನ್ನು ಅದರ ಅಂದದಿಂದ ಅಳೆಯುವುದು ತಪ್ಪೆಂಬುದೇ ನನ್ನ ವಾದ. ಅಂದಕ್ಕಾಗಿ ಮಾಡುವ ಕೆಲಸ ಎಷ್ಟೋ ಸಲ ಪ್ರಾಣಿಯೊಳಗಿನ ಮಾಹಿತಿಯನ್ನೇ ಅಳಿಸಿಬಿಡುತ್ತದೆ.

ಅದು ಹೇಗೆಂದು ತಿಳಿಯಲು ತೊಗಲು ಮತ್ತು ಮೂಳೆಯ ಒಳಗನ್ನು ನೋಡಬೇಕು. ಎರಡಕ್ಕೂ ಆಧಾರ ಕೊಲಾಜೆನ್ ಎಂಬ ಎಳೆಎಳೆಯಾದ ಪ್ರೋಟೀನು. ಹಸಿ ತೊಗಲಿನಲ್ಲಿ ನೀರು ಇರುವವರೆಗೆ ಬ್ಯಾಕ್ಟೀರಿಯಾಗಳು ಈ ಎಳೆಗಳನ್ನು ತಿನ್ನುತ್ತವೆ, ಕೂದಲು ಉದುರುತ್ತದೆ. ಉಪ್ಪು ನೀರನ್ನು ಹೀರಿ ಆ ಕೊಳೆತವನ್ನು ತಡೆಯುತ್ತದೆ. ಹದ ಮಾಡುವ ರಾಸಾಯನಿಕಗಳು ಎಳೆಗಳ ನಡುವೆ ಹೊಸ ಬೆಸುಗೆ ಹಾಕುತ್ತವೆ, ಆಮೇಲೆ ತೊಗಲು ನೆನೆದರೂ ಕೊಳೆಯುವುದಿಲ್ಲ. ಮೂಳೆಯಲ್ಲಿ ಇದೇ ಕೊಲಾಜೆನ್ ಎಳೆಗಳ ನಡುವೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ ಹರಳುಗಳು ತುಂಬಿರುತ್ತವೆ. ತೂಕದ ಬಹುಪಾಲು ಹರಳುಗಳದ್ದೇ, ಆದರೆ ಒಡೆಯದಂತೆ ಹಿಡಿದಿಡುವುದು ಎಳೆ. ಮಾಂಸ ಬೇಗ ಬಿಡಲೆಂದು ಬುರುಡೆಯನ್ನು ಕುದಿಸಿದರೆ ಕೊಲಾಜೆನ್ ಕರಗುತ್ತದೆ, ಕೊಬ್ಬು ಮೂಳೆಯ ಒಳಕ್ಕೆ ಇಳಿದು ಹಳದಿ ಕಲೆಯಾಗಿ ನಿಲ್ಲುತ್ತದೆ, ಡಿಎನ್‌ಎ ಚೂರುಚೂರಾಗುತ್ತದೆ. ಬಿಳುಪಿಗೆಂದು ಕ್ಲೋರಿನ್ ಬ್ಲೀಚಿನಲ್ಲಿ ಅದ್ದಿದ ಮೂಳೆ ವರ್ಷಗಳಾದ ಮೇಲೂ ಪುಡಿಯಾಗುತ್ತಲೇ ಇರಬಹುದು. ಬಲ್ಲವರು ಮೂಳೆಯನ್ನು ತಣ್ಣೀರಿನಲ್ಲಿ ಮುಳುಗಿಸಿ ಬ್ಯಾಕ್ಟೀರಿಯಾಗಳಿಗೆ ವಾರಗಟ್ಟಲೆ ಬಿಡುತ್ತಾರೆ, ಇಲ್ಲವೇ ವಸ್ತುಸಂಗ್ರಹಾಲಯಗಳಂತೆ ಡರ್ಮೆಸ್ಟಿಡ್ ಜೀರುಂಡೆಗಳ ಮರಿಗಳಿಗೆ ಒಪ್ಪಿಸುತ್ತಾರೆ. ಕೂದಲೆಳೆಯಷ್ಟು ಸಣ್ಣ ಮೂಳೆಯನ್ನೂ ಮುರಿಯದೆ ಆ ಮರಿಗಳು ಒಣಮಾಂಸವನ್ನು ತಿಂದು ಮುಗಿಸುತ್ತವೆ. ಆಮೇಲೆ ಜಿಡ್ಡು ತೆಗೆಯಲು ಬೆಚ್ಚಗಿನ ಸಾಬೂನು ನೀರು, ತೀರಾ ಬೇಕಿದ್ದರೆ ತೆಳು ಹೈಡ್ರೋಜನ್ ಪೆರಾಕ್ಸೈಡು. ಇನ್ನೊಂದು ಎಚ್ಚರಿಕೆಯ ಮಾತು: ಹಳೆಯ ತೊಗಲುಗಳಿಗೆ ಹುಳು ಹಿಡಿಯದಂತೆ ಆರ್ಸೆನಿಕ್ ಬೆರೆಸಿದ ಸಾಬೂನು ಹಚ್ಚುವ ರೂಢಿಯಿತ್ತು, ಆ ವಿಷ ಇಂದಿಗೂ ಅಲ್ಲೇ ಇರುತ್ತದೆ. ಅಜ್ಜನ ಕಾಲದ ಚಿರತೆಯ ತಲೆಯನ್ನು ಬರಿಗೈಯಲ್ಲಿ ಒರೆಸುವುದು, ಮಕ್ಕಳ ಕೈಗೆ ಕೊಡುವುದು ಬೇಡವೇ ಬೇಡ.

ಕೆಲಸ ಅರೆಬರೆಯಾದದ್ದರಿಂದಲೇ ಲಾಭವಾದ ಪ್ರಸಂಗವೂ ಇದೆ. ದಕ್ಷಿಣ ಆಫ್ರಿಕಾದ ಕ್ವಾಗಾ, ಅಂದರೆ ಮೈಯ ಮುಂಭಾಗಕ್ಕೆ ಮಾತ್ರ ಪಟ್ಟೆಯಿದ್ದ ಜೀಬ್ರಾ, 1883ರಲ್ಲಿ ಆಮ್‌ಸ್ಟರ್‌ಡ್ಯಾಮ್ ಮೃಗಾಲಯದಲ್ಲಿ ಕೊನೆಯುಸಿರೆಳೆಯಿತು. ಜರ್ಮನಿಯ ಮೈನ್ಜ್ ನಗರದ ಸಂಗ್ರಹದಲ್ಲಿದ್ದ ಕ್ವಾಗಾಗಳನ್ನು ರೈನ್‌ಹೋಲ್ಡ್ ರಾವ್ ಎಂಬ ತೊಗಲು ತುಂಬುವ ಕುಶಲಕರ್ಮಿ (ಟ್ಯಾಕ್ಸಿಡರ್ಮಿಸ್ಟ್) ಬಿಚ್ಚಿ ಮತ್ತೆ ಜೋಡಿಸುವಾಗ ತೊಗಲಿನ ಒಳಮೈಯಲ್ಲಿ ಒಣಗಿದ ಮಾಂಸದ ಚೂರುಗಳು ಉಳಿದಿರುವುದು ಕಂಡಿತು. ಅವುಗಳನ್ನು ಅವರು ಎಸೆಯಲಿಲ್ಲ. 1984ರಲ್ಲಿ ಅದೇ ಚೂರುಗಳಿಂದ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು 229 ಅಕ್ಷರಗಳಷ್ಟು ಡಿಎನ್‌ಎ ಓದಿದರು. ನಿರ್ನಾಮವಾದ ಪ್ರಾಣಿಯೊಂದರ ಡಿಎನ್‌ಎಯನ್ನು ಮನುಷ್ಯ ಓದಿದ್ದು ಅದೇ ಮೊದಲು. ಮೊದಲಿನವರು ಒಳಮೈಯನ್ನು ಚೊಕ್ಕವಾಗಿ ಹೆರೆದಿದ್ದರೆ ಆ ಚೂರುಗಳೇ ಉಳಿಯುತ್ತಿರಲಿಲ್ಲ.

ಫೋಟೋ, ವಿಡಿಯೊ, ಸ್ಕ್ಯಾನ್‌ಗಳಿರುವಾಗ ಸತ್ತ ಮೈಯೇಕೆ ಬೇಕು ಎಂದು ಕೇಳಬಹುದು. ಚಿತ್ರದಲ್ಲಿ ಉಳಿಯುವುದು ತೆಗೆದವರು ಅಂದು ನೋಡಬಯಸಿದ್ದು ಮಾತ್ರ. ವಸ್ತುವಿನಲ್ಲಿ ಯಾರೂ ಇನ್ನೂ ಕೇಳದ ಪ್ರಶ್ನೆಗೂ ಉತ್ತರವಿರುತ್ತದೆ. ಬ್ರಿಟನ್ನಿನಲ್ಲಿ ಪೆರೆಗ್ರಿನ್ ಡೇಗೆಗಳ ಮೊಟ್ಟೆಗಳು ಗೂಡಿನಲ್ಲೇ ಒಡೆಯುತ್ತಿದ್ದಾಗ ಡೆರೆಕ್ ರ‍್ಯಾಟ್‌ಕ್ಲಿಫ್ ಎಂಬ ವಿಜ್ಞಾನಿ ಹಳೆಯ ಸಂಗ್ರಹಗಳ ಮೊಟ್ಟೆಚಿಪ್ಪುಗಳನ್ನು ಅಳೆದು, ತೂಗಿ ನೋಡಿದರು. 1947ರ ಸುಮಾರಿನಿಂದ ಚಿಪ್ಪು ಥಟ್ಟನೆ ತೆಳುವಾಗಿತ್ತು, ಸರಿಸುಮಾರು ಐದರಲ್ಲೊಂದು ಪಾಲು. ಡಿಡಿಟಿ ಎಂಬ ಕೀಟನಾಶಕ ಹೊಲಗಳಿಗೆ ಬಂದ ಕಾಲವೂ ಅದೇ. 1967ರಲ್ಲಿ ಪ್ರಕಟವಾದ ಈ ಅಳತೆ ಕೀಟನಾಶಕಗಳ ವಿರುದ್ಧದ ಬಲವಾದ ಸಾಕ್ಷ್ಯವಾಯಿತು. ಆ ಮೊಟ್ಟೆಗಳಲ್ಲಿ ಬಹಳಷ್ಟನ್ನು ಕೂಡಿಟ್ಟವರು ಹವ್ಯಾಸಿಗಳು. ಡಿಡಿಟಿಯ ಹೆಸರೇ ಇಲ್ಲದ ಕಾಲದಲ್ಲಿ ಅವರು ಪ್ರತಿ ಮೊಟ್ಟೆಗೂ ತಾರೀಖು, ಸ್ಥಳ ಬರೆದಿಟ್ಟಿದ್ದರು. ನಮ್ಮ ಹುಲಿಯದ್ದೂ ಇಂಥದೇ ಕಥೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು ಬ್ರಿಟನ್ನಿನ ವಸ್ತುಸಂಗ್ರಹಾಲಯಗಳಲ್ಲಿದ್ದ, ವಸಾಹತು ಕಾಲದಲ್ಲಿ ಬೇಟೆಯಾದ ಹುಲಿಗಳ ಡಿಎನ್‌ಎಯನ್ನು ಇಂದಿನ ಹುಲಿಗಳದ್ದರೊಂದಿಗೆ ಹೋಲಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ತಾಯಿಯಿಂದ ಬರುವ ಡಿಎನ್‌ಎಯಲ್ಲಿ ಅಂದು ಇದ್ದ ಬಗೆಗಳ ಪೈಕಿ ಶೇ. 93ರಷ್ಟು ಇಂದಿನ ಹುಲಿಗಳಲ್ಲಿ ಕಾಣಿಸಲಿಲ್ಲ. ಈಗ ಬದುಕಿರುವ ಹುಲಿಗಳನ್ನಷ್ಟೇ ಎಣಿಸುತ್ತಿದ್ದರೆ ಈ ನಷ್ಟದ ಅಳತೆ ಯಾರಿಗೂ ಸಿಗುತ್ತಿರಲಿಲ್ಲ. ಊರಿನ ಹೆಸರಿಲ್ಲದ ತೊಗಲಿನಿಂದ ಯಾವ ಕಾಡು ಏನನ್ನು ಕಳೆದುಕೊಂಡಿತೆಂದು ಹೇಳುವುದೂ ಆಗುತ್ತಿರಲಿಲ್ಲ.

ಇಂಥ ವಿವರ ಬರೆದಿಡುವ ಚೀಟಿ ಸುಳ್ಳಾದರೆ ಆಗುವ ಹಾನಿ ಚೀಟಿಯಿಲ್ಲದ್ದಕ್ಕಿಂತ ದೊಡ್ಡದು. ಮಧ್ಯ ಭಾರತದ ಫಾರೆಸ್ಟ್ ಔಲೆಟ್ ಎಂಬ ಪುಟ್ಟ ಗೂಬೆ 1884ರ ನಂತರ ಯಾರಿಗೂ ಸಿಕ್ಕಿರಲಿಲ್ಲ. ಆದರೆ ರಿಚರ್ಡ್ ಮೈನರ್ಟ್ಸ್‌ಹಾಗನ್ ಎಂಬ ಪ್ರಸಿದ್ಧ ಸಂಗ್ರಾಹಕ 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ಒಂದನ್ನು ಹಿಡಿದೆನೆಂದು ಚೀಟಿ ಬರೆದಿಟ್ಟಿದ್ದ. ಪಮೇಲಾ ರಾಸ್ಮುಸ್ಸೆನ್ ಎಂಬ ಪಕ್ಷಿತಜ್ಞೆ ಆ ತೊಗಲನ್ನು ಕೂಲಂಕಷವಾಗಿ ಪರೀಕ್ಷಿಸಿದಾಗ ಅದು ಜೇಮ್ಸ್ ಡೇವಿಡ್‌ಸನ್ ಎಂಬಾತ 1880ರ ದಶಕದಲ್ಲಿ ಸಂಗ್ರಹಿಸಿದ್ದೆಂದೂ, ಕದ್ದು ಬೇರೆ ರೀತಿಯಲ್ಲಿ ತುಂಬಿ ಹೊಸ ಚೀಟಿ ಅಂಟಿಸಿದ್ದೆಂದೂ ಗೊತ್ತಾಯಿತು. ಸುಳ್ಳು ಚೀಟಿಯನ್ನು ಬದಿಗಿಟ್ಟು ಅಸಲಿ ಚೀಟಿಗಳ ಜಾಡು ಹಿಡಿದ ಅವರ ತಂಡಕ್ಕೆ 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಜೀವಂತ ಗೂಬೆಯೇ ಕಣ್ಣಿಗೆ ಬಿತ್ತು.

ಇದೆಲ್ಲ ಬೇಟೆಯ ಸಮರ್ಥನೆಯಾಗುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಕೊಂದವರ ಉದ್ದೇಶ ವಿಜ್ಞಾನವಾಗಿರಲಿಲ್ಲ, ಆಮೇಲೆ ಸಿಕ್ಕ ಜ್ಞಾನದಿಂದ ಆ ಸಾವುಗಳು ಸರಿಯೂ ಆಗುವುದಿಲ್ಲ. ಮೊಟ್ಟೆ ಸಂಗ್ರಹದ ಗೀಳು ಅಪರೂಪದ ಹಕ್ಕಿಗಳ ಗೂಡುಗಳನ್ನು ಬರಿದು ಮಾಡಿದ್ದೂ ನಿಜ. ಅದಕ್ಕೇ ಭಾರತದ 1972ರ ವನ್ಯಜೀವಿ ಕಾಯ್ದೆ ಸಂರಕ್ಷಿತ ಪ್ರಾಣಿಯ ಕೊಂಬು, ಹಲ್ಲು, ಉಗುರು, ಮೂಳೆಗಳನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದನ್ನೇ ಅಪರಾಧವೆನ್ನುತ್ತದೆ. ಜಿಂಕೆ ತಾನಾಗಿ ಉದುರಿಸಿದ ಕೊಂಬಿಗೂ ವಿನಾಯಿತಿಯಿಲ್ಲ. ಇದು ಅತಿಯೆಂದು ಕೆಲವರಿಗೆ ಅನಿಸುತ್ತದೆ, ನನಗೆ ಹಾಗನಿಸುವುದಿಲ್ಲ. ಉದುರಿದ ಕೊಂಬು ಯಾವುದು, ಕೊಂದು ಕಿತ್ತದ್ದು ಯಾವುದು ಎಂಬುದು ಕೊಳ್ಳುವವರಿಗೆ ಬೇಡದ ವಿಷಯ. ಮಾರುಕಟ್ಟೆ ತೆರೆದರೆ ಎರಡೂ ಒಂದೇ ಬಾಗಿಲಿನಿಂದ ಬರುತ್ತವೆ. ಮೂಳೆಯ ಹವ್ಯಾಸಕ್ಕೆ ಕಾಡಿನ ಪ್ರಾಣಿಯೇ ಆಗಬೇಕೆಂದೂ ಇಲ್ಲ. ಕೋಳಿಯ ರೆಕ್ಕೆಯ ಪೊಳ್ಳು ಮೂಳೆಯಲ್ಲಿ ಹಾರುವ ದೇಹದ ರಚನೆಯಿದೆ, ಕುರಿಯ ಹಲ್ಲಿನ ಸವೆತದಲ್ಲಿ ಅದರ ವಯಸ್ಸಿನ ಸುಳಿವಿದೆ, ಮೀನಿನ ಕಿವಿಯೊಳಗಿನ ಕಲ್ಲನ್ನು ಕೊಯ್ದರೆ ಮರದ ಉಂಗುರಗಳ ಹಾಗೆ ಬೆಳವಣಿಗೆಯ ಗೆರೆಗಳು ಕಾಣುತ್ತವೆ.

ಕೊಡಗು, ಮಲೆನಾಡಿನ ಹಳೆಯ ಮನೆ, ಬಂಗಲೆಗಳಲ್ಲಿ ಮಾಲೀಕತ್ವದ ಪ್ರಮಾಣಪತ್ರದೊಂದಿಗೆ ಇನ್ನೂ ತೂಗಾಡುತ್ತಿರುವ ತಲೆಗಳ ವಿಷಯದಲ್ಲಿ ಅವಸರದ ಕೆಲಸವೊಂದಿದೆ. ತೊಗಲು ಬಿರುಕು ಬಿಡುತ್ತಿದೆ, ಆ ಬೇಟೆಯ ವಿವರ ಬಲ್ಲ ಹಿರಿಯರ ವಯಸ್ಸೂ ಜಾರುತ್ತಿದೆ. ಯಾವ ಕಾಡು, ಯಾವ ವರ್ಷ, ಯಾರ ಕೈಯಿಂದ ಎಂಬುದನ್ನು ಅವರಿಂದಲೇ ಕೇಳಿ, ಮಾಸದ ಶಾಯಿಯಲ್ಲಿ ಬರೆದು, ಹಳೆಯ ಪತ್ರ, ಫೋಟೋ, ರಸೀದಿಗಳೊಂದಿಗೆ ಇಡಬೇಕು. ತಲೆ ಒಂದು ದಿನ ಅರಣ್ಯ ಇಲಾಖೆಗೋ ವಸ್ತುಸಂಗ್ರಹಾಲಯಕ್ಕೋ ಹೋಗುವುದಾದರೆ ಆ ಕಾಗದವೂ ಜೊತೆಗೇ ಹೋಗಬೇಕು.