ಹಲಸೂರು ಸೋಮೇಶ್ವರಾಲಯದ ರಾವಣ: ಶಿಲ್ಪ, ಪುರಾಣ ಮತ್ತು ಕನ್ನಡ ಕಾವ್ಯ

ಬೆಂಗಳೂರಿನ ಪೂರ್ವಭಾಗದ ಹಲಸೂರಿನಲ್ಲಿರುವ ಸೋಮೇಶ್ವರ ದೇವಾಲಯವು ನಗರದ ಪ್ರಾಚೀನ ದೇವಾಲಯಗಳಲ್ಲೊಂದು. ಇದರ ಮೂಲವನ್ನು ಚೋಳರ ಕಾಲಕ್ಕೆ ಒಯ್ಯುವ ಅಭಿಪ್ರಾಯವಿದೆ. ಆದರೆ ಇಂದು ಕಾಣುವ ಮಂಟಪ, ಗೋಪುರಗಳ ಬಹುಭಾಗ ವಿಜಯನಗರ ಶೈಲಿಯದು. ಯಲಹಂಕ ನಾಡಪ್ರಭುಗಳ ಆಶ್ರಯದಲ್ಲಿ ಬೆಳೆದದ್ದು. ಬೇಟೆಗೆ ಬಂದು ಮರದಡಿ ಮಲಗಿದ ಕೆಂಪೇಗೌಡನಿಗೆ ಕನಸಿನಲ್ಲಿ ಸೋಮೇಶ್ವರನು ಕಾಣಿಸಿಕೊಂಡು ಗುಡಿ ಕಟ್ಟಿಸೆಂದು ಹೇಳಿದನೆಂಬ ಐತಿಹ್ಯವೂ ಈ ಸಂಬಂಧವನ್ನೇ ಸೂಚಿಸುತ್ತದೆ. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ನೆಲೆಗೊಂಡ ಮೇಲೆ ಈ ಹಳೆಯ ಊರು ತಮಿಳು, ತೆಲುಗು, ಕನ್ನಡ, ಉರ್ದು ಭಾಷಿಕರ ನಡುವಿನ ಪ್ರದೇಶವಾಯಿತು.

ಈ ದೇವಾಲಯದ ಶಿಲ್ಪಗಳಲ್ಲಿ ಕೈಲಾಸವನ್ನು ಎತ್ತುತ್ತಿರುವ ರಾವಣ, ಮಹಿಷಮರ್ದಿನಿ, ಗಿರಿಜಾ ಕಲ್ಯಾಣ, ಸಪ್ತರ್ಷಿಗಳು ಹಾಗೂ ನಾಯನಾರರು, ಅಂದರೆ ಕನ್ನಡ ಶೈವ ಸಾಹಿತ್ಯವು ಪುರಾತನರೆಂದು ಕರೆಯುವ ಶಿವಭಕ್ತರು, ಮುಖ್ಯವಾದವರು. ದೇವಾಲಯದ ಪರಿಚಯ ಬರಹಗಳು ಮೊದಲನೆಯ ಶಿಲ್ಪವನ್ನು ಸಾಮಾನ್ಯವಾಗಿ ‘ರಾಮಾಯಣದ ದೃಶ್ಯ’ವೆಂದು ಗುರುತಿಸಿ ಮುಂದೆ ಸಾಗುತ್ತವೆ. ಈ ಗುರುತಿಸುವಿಕೆ ತಪ್ಪಲ್ಲ, ಆದರೆ ಅಪೂರ್ಣ. ಇಲ್ಲಿ ರಾಮನಿಲ್ಲ, ಸೀತೆಯಿಲ್ಲ, ಲಂಕೆಯೂ ಇಲ್ಲ. ಇರುವುದು ರಾವಣ ಮತ್ತು ಶಿವ. ಹಾಗಾದರೆ ರಾಮಕಥೆಯ ಪ್ರತಿನಾಯಕನು ಶಿವಾಲಯದಲ್ಲಿ, ಅದೂ ಭಕ್ತರ ಸಾಲಿನ ಸಮೀಪದಲ್ಲಿ, ಏಕೆ ಬಂದ ಎಂಬುದು ಪರಿಶೀಲಿಸಬೇಕಾದ ಪ್ರಶ್ನೆ.

ಕಥೆಯ ಮೂರು ರೂಪಗಳು

ವಾಲ್ಮೀಕಿ ರಾಮಾಯಣದಲ್ಲಿ ಈ ಪ್ರಸಂಗ ಬರುವುದು ಉತ್ತರಕಾಂಡದಲ್ಲಿ. ರಾವಣವಧೆ ಮುಗಿದ ಮೇಲೆ ಅಗಸ್ತ್ಯರು ರಾಮನಿಗೆ ರಾವಣನ ಪೂರ್ವಕಥೆಯನ್ನು ಹೇಳುತ್ತಾರೆ. ಕುಬೇರನಿಂದ ಪುಷ್ಪಕವನ್ನು ಗೆದ್ದು ಬರುವಾಗ ವಿಮಾನವು ಶಿವನ ವಿಹಾರಸ್ಥಳದ ಬಳಿ ತಡೆಯುತ್ತದೆ. ಅಡ್ಡಬಂದ ನಂದಿಯ ಕಪಿಮುಖವನ್ನು ಕಂಡು ನಕ್ಕ ರಾವಣನಿಗೆ, ಕಪಿಗಳಿಂದಲೇ ನಿನ್ನ ಕುಲಕ್ಕೆ ನಾಶವೆಂಬ ಶಾಪ ದೊರೆಯುತ್ತದೆ. ಕೋಪದಿಂದ ಪರ್ವತವನ್ನೇ ಎತ್ತಹೊರಟವನನ್ನು ಶಿವನು ಕಾಲ್ಬೆರಳಿನಿಂದ ಒತ್ತುತ್ತಾನೆ. ತೋಳುಗಳು ಸಿಕ್ಕಿಕೊಂಡು ಅವನಿಟ್ಟ ಕೂಗಿಗೆ ಮೂರು ಲೋಕಗಳು ನಡುಗುತ್ತವೆ. ಸಾವಿರ ವರ್ಷ ಸ್ತುತಿಸಿದ ಬಳಿಕ ಶಿವನು ಪ್ರಸನ್ನನಾಗಿ, ಆ ರವದ ಕಾರಣದಿಂದಲೇ ‘ರಾವಣ’ನೆಂಬ ಹೆಸರನ್ನೂ ಚಂದ್ರಹಾಸವೆಂಬ ಖಡ್ಗವನ್ನೂ ಕೊಡುತ್ತಾನೆ. ಸೋಲಿನಲ್ಲಿ ಹೆಸರು ಹುಟ್ಟಿತೆಂಬುದು ಇಲ್ಲಿ ಗಮನಾರ್ಹವಾದ ಅಂಶ.

ಎರಡನೆಯ ರೂಪ ತಮಿಳು ಶೈವ ಭಕ್ತಿಯದು. ಏಳನೆಯ ಶತಮಾನದ ಜ್ಞಾನಸಂಬಂಧರ ತೇವಾರಂ ಪದಿಗಗಳಲ್ಲಿ ಎಂಟನೆಯ ಪದ್ಯವು ಸಾಮಾನ್ಯವಾಗಿ ಈ ಪ್ರಸಂಗಕ್ಕೇ ಮೀಸಲು. ಊರೂರಿನ ಶಿವನನ್ನು ಹಾಡುವಾಗಲೂ ಒತ್ತಿ ಅಡಗಿಸಿ, ಬಳಿಕ ಅನುಗ್ರಹಿಸಿದವನೆಂದು ಶಿವನನ್ನು ನೆನೆಯುವುದು ಅಲ್ಲಿ ಒಂದು ನಿಯಮದಂತಾಗಿದೆ. ಅಹಂಕಾರ ಮುರಿದವನಿಗೂ ಕೃಪೆಯುಂಟು ಎಂಬುದು ಅದರ ತಾತ್ಪರ್ಯ. ಕರ್ನಾಟಕದಲ್ಲಿ ಇದೇ ಭಾವ ಗೋಕರ್ಣದ ಆತ್ಮಲಿಂಗದ ಕಥೆಯಲ್ಲಿ ಬೇರೊಂದು ಬಗೆಯಿಂದ ಉಳಿದಿದೆ. ಅಲ್ಲಿಯೂ ರಾವಣನು ಶಿವನನ್ನು ಒಲಿಸಿಕೊಂಡವನೇ.

ಮೂರನೆಯದು ಜೈನ ರೂಪ. ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’ದಲ್ಲಿ ಪುಷ್ಪಕ ನಿಲ್ಲುವುದು ತಪೋನಿರತನಾದ ವಾಲಿಮುನಿಯ ಮೇಲ್ಗಡೆ. ರಾವಣನು ಅಷ್ಟಾಪದ ಪರ್ವತವನ್ನು ಎತ್ತುತ್ತಾನೆ; ಅಲ್ಲಿಯ ಜಿನಾಲಯಗಳಿಗೆ ಹಾನಿಯಾಗಬಾರದೆಂದು ವಾಲಿಯು ಕಾಲ್ಬೆರಳಿನಿಂದ ಒತ್ತುತ್ತಾನೆ. ಇಲ್ಲಿಯೂ ಅದೇ ಕೂಗು, ಅದೇ ಹೆಸರು, ಬಳಿಕ ಪಶ್ಚಾತ್ತಾಪ ಮತ್ತು ಜಿನಸ್ತುತಿ. ಆರಾಧ್ಯದೈವ ಬದಲಾಗಿದೆ, ಕಥೆಯ ಅಸ್ಥಿಪಂಜರ ಬದಲಾಗಿಲ್ಲ. ಪರ್ವತ, ಬೆರಳು, ಕೂಗು, ಸ್ತುತಿ ಎಂಬ ನಾಲ್ಕು ಘಟಕಗಳು ಮೂರೂ ಪರಂಪರೆಗಳಿಗೆ ಸಮಾನವಾಗಿವೆ.

ಹಲಸೂರಿನ ಸಂದರ್ಭ

ಕೈಲಾಸವನ್ನೆತ್ತುವ ರಾವಣನ ಶಿಲ್ಪ ಹಲಸೂರಿಗೆ ವಿಶಿಷ್ಟವಾದುದಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ, ಎಲ್ಲೋರದ ಕೈಲಾಸನಾಥ, ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಗಳಲ್ಲಿ ಇದಕ್ಕಿಂತ ಹಿರಿಯ ಮಾದರಿಗಳಿವೆ. ಹಲಸೂರಿನ ವೈಶಿಷ್ಟ್ಯವಿರುವುದು ಶಿಲ್ಪಗಳ ನೆರೆಹೊರೆಯಲ್ಲಿ. ಗಿರಿಜಾ ಕಲ್ಯಾಣ ಮತ್ತು ಪುರಾತನರು ಎಂದೊಡನೆ ಕನ್ನಡ ಓದುಗನಿಗೆ ನೆನಪಾಗುವವನು ಹರಿಹರ. ‘ಗಿರಿಜಾಕಲ್ಯಾಣ’ ಚಂಪುವನ್ನೂ ಪುರಾತನರ ರಗಳೆಗಳನ್ನೂ ಬರೆದವನು ಅವನೇ. ತಮಿಳು ಓದುಗನಿಗೆ ಅದೇ ಸಾಲು ಸೇಕ್ಕಿಳಾರನ ‘ಪೆರಿಯಪುರಾಣ’ವನ್ನು ನೆನಪಿಸುತ್ತದೆ. ಇದೇ ಪೂರ್ವಭಾಗದ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದಲ್ಲಿ ತಮಿಳು ಶಾಸನಗಳಿರುವುದನ್ನು ನೋಡಿದರೆ, ಎರಡು ಭಾಷೆಗಳ ಭಕ್ತಿಲೋಕಗಳು ಈ ನೆಲದಲ್ಲಿ ಸೇರಿದ್ದು ದಂಡು ಬಂದ ಮೇಲಲ್ಲ, ಅದಕ್ಕೆ ಶತಮಾನಗಳ ಹಿಂದೆಯೇ ಎಂಬುದು ಸ್ಪಷ್ಟವಾಗುತ್ತದೆ. ಈ ಆವರಣದಲ್ಲಿಟ್ಟು ನೋಡಿದಾಗ ಹಲಸೂರಿನ ರಾವಣನು ಸೀತಾಪಹರಣ ಮಾಡಿದ ಖಳನಿಗಿಂತ ಹೆಚ್ಚಾಗಿ ದರ್ಪ ಮುರಿದು ಹಾಡಲು ಕಲಿತ ಭಕ್ತನಾಗಿ ಕಾಣುತ್ತಾನೆ.

ಕಾವ್ಯ ಬೋಧನೆಗೆ ಒಂದು ಸೂಚನೆ

ಈ ವಿಚಾರವು ನಮ್ಮ ತರಗತಿಗಳಿಗೂ ಸಂಬಂಧಿಸಿದ್ದು. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದ ರಾವಣನನ್ನು ದುರಂತ ನಾಯಕನೆಂದು ಬಿ.ಎಂ.ಶ್ರೀ. ಅವರು ವಿವೇಚಿಸಿದ ಮೇಲೆ, ಪರಾಂಗನಾವಿರತಿಯ ವ್ರತ ಹೊತ್ತು, ಕೊನೆಗೆ ಮನಸ್ಸು ತಿರುಗಿ, ಆದರೂ ಯುದ್ಧದಲ್ಲಿ ಮಡಿಯುವ ಆ ರಾವಣನನ್ನು ಗ್ರೀಕ್ ನಾಟಕಗಳ ನಾಯಕರೊಡನೆ ಹೋಲಿಸಿ ಪಾಠ ಹೇಳುವುದು ರೂಢಿಯಾಯಿತು. ಆ ಹೋಲಿಕೆ ಫಲಪ್ರದವಾದುದೇ. ಆದರೆ ಅದರಿಂದ ಒಂದು ನಷ್ಟವೂ ಆಗಿದೆ: ಮನಸ್ಸು ಬದಲಾಗುವ ರಾವಣನು ಜೈನ ಕವಿಯೊಬ್ಬನ ಅಪೂರ್ವ ಕಲ್ಪನೆ, ಉಳಿದೆಲ್ಲೆಡೆ ಅವನು ಬರಿಯ ರಾಕ್ಷಸ ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬೇರೂರಿದೆ.

ಹಲಸೂರಿನ ಕಲ್ಲು ಈ ಭಾವನೆಯನ್ನು ಪ್ರಶ್ನಿಸುತ್ತದೆ. ನಾಗಚಂದ್ರನಿಂದ ಶಿಲ್ಪಿಯು ಪ್ರೇರಣೆ ಪಡೆದನೆಂದು ಇದರರ್ಥವಲ್ಲ. ಹಾಗೆ ಹೇಳಲು ಆಧಾರವಿಲ್ಲ. ಶೈವ ಶಿಲ್ಪಿಯ ರಾವಣ ಶಿವಕೃಪೆಗೆ ಪಾತ್ರನಾದರೆ, ಜೈನ ಕವಿಯ ರಾವಣ ತನ್ನ ಆತ್ಮದೊಡನೆ ಹೋರಾಡುತ್ತಾನೆ. ಇವೆರಡೂ ಒಂದೇ ಅಲ್ಲ. ಆದರೆ ರಾವಣನು ಬದಲಾಗಬಲ್ಲವನು ಎಂಬ ನಂಬಿಕೆ ಇವೆರಡಕ್ಕೂ ಹಿಂದಿನಿಂದ ಹರಿದುಬಂದ ಸಾಮಾನ್ಯ ಸಂಪತ್ತು. 1949ರಲ್ಲಿ ಪ್ರಕಟಣೆ ಆರಂಭಿಸಿದ ಕುವೆಂಪು ಅವರ ‘ಶ್ರೀರಾಮಾಯಣ ದರ್ಶನಂ’ನಲ್ಲಿ ಸೀತೆಯನ್ನು ತಾಯಿಯಾಗಿ ಕಾಣುವ ರಾವಣನೂ ಈ ದೀರ್ಘ ಪರಂಪರೆಯ ಮುಂದುವರಿಕೆಯೇ ಹೊರತು ಅದರಿಂದ ಸಿಡಿದು ಬಂದವನಲ್ಲ.

ಒಟ್ಟಿನಲ್ಲಿ, ಮಹಾಕಾವ್ಯದ ಪಾತ್ರವೊಂದರ ಅಧ್ಯಯನವು ಗ್ರಂಥಪಾಠಕ್ಕಷ್ಟೇ ಸೀಮಿತವಾದಾಗ ನಾವು ಅದರ ಅರ್ಧವನ್ನು ಮಾತ್ರ ಓದಿದಂತಾಗುತ್ತದೆ. ನಾಗಚಂದ್ರನನ್ನು ಬೋಧಿಸುವ ಅಧ್ಯಾಪಕರು ವಿದ್ಯಾರ್ಥಿಗಳನ್ನು ಒಮ್ಮೆ ಹಲಸೂರಿನ ಮಂಟಪದಲ್ಲಿ ನಿಲ್ಲಿಸಿ, ಪರ್ವತದ ಕೆಳಗಿನ ಆ ತೋಳುಗಳು ಎತ್ತುತ್ತಿವೆಯೋ ಬೇಡುತ್ತಿವೆಯೋ ಎಂದು ಕೇಳುವುದು ಉಚಿತ. ಉತ್ತರ ಯಾವುದೇ ಇರಲಿ, ಕಾವ್ಯದ ರಾವಣನು ಆಮೇಲೆ ಅವರಿಗೆ ಮೊದಲಿನಂತೆ ಸರಳವಾಗಿ ಕಾಣಲಾರನು.