ನಲವತ್ತು ವರ್ಷಗಳ ಹಿಂದಿನ ಧೂಳು

ಕಲ್ಲಿನಲ್ಲಿಯೂ ನಾರು ಇರುವುದೆಂದರೆ ಮೊದಲ ಸಲ ಕೇಳಿದವರಿಗೆ ವಿಚಿತ್ರವೆನಿಸಬಹುದು. ಆದರೆ ಭೂಮಿಯ ಒಡಲಿನಲ್ಲಿ ಅಂಥ ಖನಿಜಗಳು ಉಂಟು. ಅವನ್ನು ಜಜ್ಜಿ ಬಿಡಿಸಿದರೆ ಹತ್ತಿಯಂತೆ ಎಳೆ ಎಳೆಯಾಗಿ ಬರುತ್ತವೆ. ಆ ಎಳೆಗಳು ಬೆಂಕಿಗೆ ಸುಡವು, ನೀರಿಗೆ ಕೊಳೆಯವು. ಕನ್ನಡದಲ್ಲಿ ಇದಕ್ಕಿರುವ ಕಲ್ನಾರು ಎಂಬ ಹೆಸರು ಬಹಳ ಅರ್ಥವತ್ತಾದುದು. ವ್ಯವಹಾರದಲ್ಲಿ ಇದೇ ಆಸ್ಬೆಸ್ಟಾಸ್. ಹಡಗುಗಳ ಉಗಿಕೊಳವೆಗಳ ಸುತ್ತ, ಮೋಟಾರುಗಳ ಬ್ರೇಕುಗಳಲ್ಲಿ, ಸಿಮೆಂಟಿನೊಡನೆ ಬೆರೆತು ಮನೆಯ ಮಾಡಿಗೆ ಹೊದಿಸುವ ಶೀಟುಗಳಲ್ಲಿ ಅದು ಮನುಷ್ಯನಿಗೆ ನೆರವಾಗಿದೆ. ಇಷ್ಟು ಉಪಕಾರಿಯಾದ ವಸ್ತುವಿನ ಧೂಳು ಎದೆಯನ್ನು ಸೇರಿದರೆ ಏನಾಗುವುದು, ಅದನ್ನು ವೈದ್ಯರು ಹೇಗೆ ಕಂಡುಕೊಂಡರು ಎಂಬುದನ್ನು ಈಗ ನೋಡೋಣ.

ದಕ್ಷಿಣ ಆಫ್ರಿಕದ ಕಿಂಬರ್ಲಿ ಪಟ್ಟಣವು ವಜ್ರದ ಗಣಿಗಳಿಗೆ ಹೆಸರಾದುದು. 1950ರ ದಶಕದಲ್ಲಿ ಅಲ್ಲಿ ಕ್ಷಯರೋಗಿಗಳಿಗೆ ಚಿಕಿತ್ಸೆ ಮಾಡುತ್ತಿದ್ದ ಸ್ಲೆಗ್ಸ್ ಎಂಬ ವೈದ್ಯರಿಗೆ ಒಂದು ಸಂಗತಿ ಸೋಜಿಗವಾಗಿ ಕಂಡಿತು. ಶ್ವಾಸಕೋಶದ ಹೊದಿಕೆಯಲ್ಲಿ ನೀರು ತುಂಬಿ ಬರುತ್ತಿದ್ದ ರೋಗಿಗಳಲ್ಲಿ, ಊರಿನ ಪೂರ್ವದಿಂದ ಬಂದವರು ಕ್ಷಯದ ಔಷಧಿಯಿಂದ ಗುಣಹೊಂದುತ್ತಿದ್ದರು. ಪಶ್ಚಿಮದಿಂದ ಬಂದವರಲ್ಲಿ ಕೆಲವರಿಗೆ ಆ ಔಷಧಿ ನಾಟುತ್ತಲೇ ಇರಲಿಲ್ಲ. ಪಶ್ಚಿಮದ ಗುಡ್ಡಗಳಲ್ಲಿದ್ದುದು ನೀಲಿ ಕಲ್ನಾರಿನ ಗಣಿಗಳು.

1956ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ವ್ಯಾಗ್ನರ್ ಎಂಬ ರೋಗವಿಜ್ಞಾನಿಗಳು ಒಂದು ಶವವನ್ನು ಪರೀಕ್ಷಿಸಿದಾಗ ಶ್ವಾಸಕೋಶದ ಹೊದಿಕೆಯಲ್ಲಿಯೇ ಹುಟ್ಟಿ ಹಬ್ಬಿದ ಗಂತಿಯೊಂದು ಕಂಡುಬಂತು. ಅದುವರೆಗೆ ಅತಿ ವಿರಳವೆಂದು ಎಣಿಸಿದ್ದ ಮೀಸೊಥೀಲಿಯೋಮ ಎಂಬ ಕ್ಯಾನ್ಸರ್ ಅದು. ವ್ಯಾಗ್ನರ್, ಸ್ಲೆಗ್ಸ್ ಮತ್ತು ಮಾರ್ಚಂಡ್ ಮೂವರೂ ಕೂಡಿ ರೋಗಿಗಳ ಪೂರ್ವವೃತ್ತಾಂತವನ್ನು ಕೆದಕಿದರು. 1960ರಲ್ಲಿ ಅವರು 33 ರೋಗಿಗಳ ವಿವರವನ್ನು ಪ್ರಕಟಿಸಿದರು. ಒಬ್ಬರನ್ನುಳಿದು ಎಲ್ಲರಿಗೂ ನೀಲಿ ಕಲ್ನಾರಿನ ಸಂಪರ್ಕ ಬಂದಿದ್ದಿರಬೇಕೆಂದು ತಿಳಿಯಿತು. ಇವರಲ್ಲಿ ಹಲವರು ಗಣಿಯಲ್ಲಿ ಒಂದು ದಿನವೂ ದುಡಿದವರಲ್ಲ. ಬಾಲ್ಯದಲ್ಲಿ ಗಣಿಗಳ ಹತ್ತಿರ ವಾಸವಾಗಿದ್ದವರು, ಅಷ್ಟೆ. ಆ ವೇಳೆಗೆ ಅವರು ಊರು ಬಿಟ್ಟು ಎಷ್ಟೋ ಕಾಲವಾಗಿತ್ತು.

ಇಷ್ಟು ಕಾಲ ಆ ಧೂಳು ಏನು ಮಾಡುತ್ತಿತ್ತು? ಉಸಿರಿನೊಡನೆ ಒಳಹೊಕ್ಕ ಸಾಮಾನ್ಯ ಧೂಳಿನ ಕಣಗಳನ್ನು ಭಕ್ಷಕ ಜೀವಕೋಶಗಳು ನುಂಗಿ ಹೊರಸಾಗಿಸುತ್ತವೆ. ಕಲ್ನಾರಿನ ಎಳೆಯಾದರೋ ಕೂದಲಿಗಿಂತ ಎಷ್ಟೋ ಸಪುರವಾದರೂ ಜೀವಕೋಶದ ಅಳತೆಗೆ ಮೀರಿ ಉದ್ದವಾಗಿರಬಲ್ಲುದು. ಅದನ್ನು ನುಂಗಹೋದ ಕೋಶ ನುಂಗಲಾರದೆ, ಬಿಡಲೂ ಆರದೆ, ತೀಕ್ಷ್ಣವಾದ ರಾಸಾಯನಿಕಗಳನ್ನು ಸುತ್ತಲೂ ಸುರಿಸುತ್ತದೆ. ಎಳೆ ಕರಗುವುದಿಲ್ಲ; ಉರಿಯೂತ ಆರುವುದಿಲ್ಲ. ನೆರೆಯ ಕೋಶಗಳ ವಂಶತಂತುಗಳಿಗೆ ವರ್ಷ ವರ್ಷವೂ ಪೆಟ್ಟು ಬೀಳುತ್ತದೆ. ಹೀಗೆ ರೋಗ ಮೇಲೆದ್ದು ಕಾಣಿಸಲು ಸಾಮಾನ್ಯವಾಗಿ 20ರಿಂದ 50 ವರ್ಷಗಳು ಹಿಡಿಯುತ್ತವೆ. ಕಲ್ನಾರು ಶ್ವಾಸಕೋಶದ ಒಳಗಿನ ಕ್ಯಾನ್ಸರಿಗೂ ಕಾರಣ. ಧೂಮಪಾನವು ಸೇರಿದರೆ ಆ ಅಪಾಯ ಬಹಳವಾಗಿ ಹೆಚ್ಚುತ್ತದೆ. ಮೀಸೊಥೀಲಿಯೋಮವಾದರೋ ಬೀಡಿ ಸಿಗರೇಟು ಮುಟ್ಟದವರಿಗೂ ಬರುವುದು. ಧೂಮಪಾನಕ್ಕೂ ಅದಕ್ಕೂ ಸಂಬಂಧವಿಲ್ಲ.

ರೋಗಿಗೆ ಮೊದಲು ತೋರುವುದು ಏದುಸಿರು, ಎದೆಯ ಒಂದು ಪಕ್ಕದ ನೋವು. ಎಕ್ಸ್‌ರೇಯಲ್ಲಿ ನೀರು ತುಂಬಿರುವುದು ಕಾಣುತ್ತದೆ. ಕ್ಷಯ ಹೆಚ್ಚಾಗಿರುವ ನಮ್ಮಂಥ ದೇಶದಲ್ಲಿ ಮೊದಲ ಸಂಶಯ ಅದರ ಕಡೆಗೇ ಹೋಗುವುದು ಸಹಜ. ಸೂಜಿಯಿಂದ ತೆಗೆದ ನೀರೊಂದನ್ನೇ ಪರೀಕ್ಷಿಸಿದರೆ ಅನೇಕ ವೇಳೆ ನಿರ್ಣಯ ದೊರೆಯದು. ಆದುದರಿಂದ ಎದೆಯೊಳಗೆ ಸಣ್ಣ ದರ್ಶಕನಳಿಕೆಯನ್ನು ತೂರಿಸಿ, ಹೊದಿಕೆಯ ಚೂರನ್ನು ಕತ್ತರಿಸಿ ತೆಗೆದು, ವಿಶೇಷ ಬಣ್ಣಗಳನ್ನು ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದಕ್ಕೆಲ್ಲ ಮೊದಲೇ ದಾರಿ ತೋರಬಲ್ಲುದು ಒಂದು ಪ್ರಶ್ನೆ. ರೋಗಿಯನ್ನು ಅವನ ಕಸುಬೇನೆಂದು ಕೇಳಬೇಕೆಂದು ಇಟಲಿಯ ವೈದ್ಯ ರಮಾಜ್ಜಿನಿ 1700ರಲ್ಲಿಯೇ ಬೋಧಿಸಿದ್ದರು. ಈ ರೋಗದಲ್ಲಿ ಆ ಪ್ರಶ್ನೆಯನ್ನು ಇನ್ನೂ ಹಿಂದಕ್ಕೆ ಒಯ್ಯಬೇಕು: ನಲವತ್ತು ವರ್ಷಗಳ ಹಿಂದೆ ನೀವು ಎಲ್ಲಿದ್ದಿರಿ? ಮನೆಯವರು ಏನು ಕೆಲಸ ಮಾಡುತ್ತಿದ್ದರು? ಅವರ ಧೂಳುಬಟ್ಟೆಗಳನ್ನು ಒಗೆಯುತ್ತಿದ್ದವರು ಯಾರು?

ಚಿಕಿತ್ಸೆ ಪೂರ್ಣ ಗುಣವನ್ನು ಕೊಡುವುದು ಇಂದಿಗೂ ಅಪೂರ್ವ. ಆದರೆ ಆಯುಷ್ಯ ಬೆಳೆದಿದೆ. ಸಿಸ್ಪ್ಲಾಟಿನ್ ಔಷಧಿಯೊಡನೆ ಪೆಮೆಟ್ರೆಕ್ಸೆಡ್ ಕೂಡಿಸಿದಾಗ ಮಧ್ಯಾಂಕದ ಆಯುಷ್ಯ ಸುಮಾರು 9 ತಿಂಗಳಿನಿಂದ 12 ತಿಂಗಳಿಗೆ ಏರಿತೆಂದು 2003ರಲ್ಲಿ ತಿಳಿಯಿತು. ದೇಹದ ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಎರಡು ಔಷಧಿಗಳ ಜೋಡಿಯಿಂದ, ಅಂಥ ಹಳೆಯ ಚಿಕಿತ್ಸೆಯ 14 ತಿಂಗಳಿಗೆ ಎದುರಾಗಿ 18 ತಿಂಗಳು ದೊರೆತುದನ್ನು 2021ರ ವರದಿಯೊಂದು ತೋರಿಸಿತು. ಇದಕ್ಕೆ ಪ್ರತಿಯಾಗಿ, ಹೊದಿಕೆಯನ್ನು ಸುಲಿದು ತೆಗೆಯುವ ದೊಡ್ಡ ಶಸ್ತ್ರಕ್ರಿಯೆಗೆ ಒಳಗಾದವರಿಗಿಂತ ಔಷಧಿಯನ್ನು ಮಾತ್ರ ಪಡೆದವರೇ ಹೆಚ್ಚು ಕಾಲ ಬದುಕಿದುದನ್ನು 2024ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯೊಂದು ತಿಳಿಸಿತು. ರೋಗಿಯ ದಿನಚರಿಗೆ ಇವುಗಳಷ್ಟೇ ಮುಖ್ಯವಾದುದು ಉಸಿರಾಟದ ನೆಮ್ಮದಿ. ಎದೆಯಲ್ಲಿ ತೆಳುವಾದ ಕೊಳವೆಯನ್ನು ಇರಿಸಿದರೆ ತುಂಬುವ ನೀರನ್ನು ಮನೆಯಲ್ಲಿಯೇ ಆಗಾಗ ಹೊರಬಿಡಬಹುದು.

ಮಧ್ಯಾಂಕವೆಂದರೇನು ಎಂಬುದನ್ನು ಇಲ್ಲಿ ಸರಿಯಾಗಿ ತಿಳಿಯಬೇಕು. ಅಮೆರಿಕದ ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಅವರಿಗೆ ಹೊಟ್ಟೆಯ ಹೊದಿಕೆಯಲ್ಲಿ ಮೀಸೊಥೀಲಿಯೋಮ ಇರುವುದು 1982ರಲ್ಲಿ ಪತ್ತೆಯಾಯಿತು. ಗ್ರಂಥಾಲಯದಲ್ಲಿ ಹುಡುಕಿದಾಗ ಕಂಡ ಮಧ್ಯಾಂಕ 8 ತಿಂಗಳು. ಆದರೆ ಐವರು ರೋಗಿಗಳು ಕ್ರಮವಾಗಿ 2, 5, 8, 30, 240 ತಿಂಗಳು ಬದುಕಿದರೆಂದು ಊಹಿಸೋಣ. ಆಗಲೂ ಮಧ್ಯಾಂಕ 8. ಅದು ಗೆರೆಯೆಳೆದು ಹೇಳುವುದು ಗುಂಪಿನ ಅರ್ಧದ ಮಾತನ್ನು; ಒಬ್ಬ ವ್ಯಕ್ತಿಯ ಕೊನೆಯ ದಿನವನ್ನಲ್ಲ. ಗೌಲ್ಡ್ ಇದನ್ನು ಅರಿತು, ಚಿಕಿತ್ಸೆ ಪಡೆದು, ಇನ್ನೂ ಇಪ್ಪತ್ತು ವರ್ಷ ಬದುಕಿದರು. 2002ರಲ್ಲಿ ಬೇರೊಂದು ಕ್ಯಾನ್ಸರಿನಿಂದ ತೀರಿಕೊಂಡರು. ಎಲ್ಲರಿಗೂ ಈ ಭಾಗ್ಯ ದೊರೆಯದು. ಆದರೂ ಒಂದು ಅಂಕಿಯನ್ನು ಓದಿ ಕೈಚೆಲ್ಲಬೇಕಾದುದಿಲ್ಲ.

ದಕ್ಷಿಣ ಆಫ್ರಿಕವು 2008ರಲ್ಲಿ ಕಲ್ನಾರನ್ನು ನಿಷೇಧಿಸಿತು. ನಮ್ಮ ದೇಶವು ಬಿಳಿಯ ಕಲ್ನಾರನ್ನು ಹೊರಗಿನಿಂದ ತರಿಸಿ ಶೀಟುಗಳಿಗೆ ಇನ್ನೂ ಬಳಸುತ್ತಿದೆ. ಬಿಳಿಯದೂ ಸೇರಿ ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರಿಗೆ ಕಾರಣವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿರ್ಣಯ. 1995ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು, ಕಲ್ನಾರಿನ ಉದ್ಯಮದ ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೆ ನಿವೃತ್ತಿಯಾದ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಕಾಪಾಡಬೇಕೆಂದು ವಿಧಿಸಿತು. ರೋಗದ ನಡಿಗೆ ಎಷ್ಟು ನಿಧಾನವೋ ದಾಖಲೆಯ ಆಯುಷ್ಯವೂ ಅಷ್ಟು ದೀರ್ಘವಾಗಿರಬೇಕಷ್ಟೆ.

ಮಾಡಿನ ಮೇಲೆ ಭದ್ರವಾಗಿರುವ ಶೀಟಿನಿಂದ ಹೊಮ್ಮುವ ಎಳೆಗಳು ಅಲ್ಪ. ಅದನ್ನು ಗರಗಸದಿಂದ ಕೊಯ್ಯುವುದು, ತೂತು ಕೊರೆಯುವುದು, ಒಡೆದ ಚೂರುಗಳನ್ನು ಒಣಪೊರಕೆಯಿಂದ ಗುಡಿಸುವುದು ಅಪಾಯಕರ. ಆದರೆ ಕಾರಖಾನೆಯಲ್ಲಾಗಲಿ ಹಡಗು ಒಡೆಯುವ ಕಟ್ಟೆಯಲ್ಲಾಗಲಿ ದುಡಿದ ಎಲ್ಲರ ಚರಿತ್ರೆಯೂ ಕಡತದಲ್ಲಿ ಇರುವುದಿಲ್ಲ. ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರನ್ನು ಅವರು ಯಾವ ಊರಿನಲ್ಲಿ, ಯಾವ ಕೆಲಸವನ್ನು, ಎಷ್ಟು ವರ್ಷ ಮಾಡಿದರೆಂದು ಕೇಳಿ ಒಂದು ಪುಟದಲ್ಲಿ ಬರೆದಿಡಬಹುದು. ಮುಂದೆ ಎಂದಾದರೂ ಅವರಿಗೆ ಏದುಸಿರು ಬಂದರೆ ಆ ಪುಟವನ್ನು ವೈದ್ಯರ ಕೈಗೆ ಕೊಡಬೇಕು.